ಗಾಳಿಕಂಡಿಗೆ ತುರುಕಿದ ಬಟ್ಟೆ

ಮಕ್ಕಳೇ, ನಿಮ್ಮಿಬ್ಬರ ನಡುವೆ ಓಡಾಡುವ ಒಂದು ಕಥೆ ನನ್ನ ಕಿವಿಗೂ ಬಿದ್ದಿದೆ. ಅಕ್ಕ ಚಿಕ್ಕವಳಿದ್ದಾಗ ಯಾರೋ ಒಬ್ಬ ಅಂಕಲ್ ಅಪ್ಪನಿಗೆ ಕೆಟ್ಟ ಗಾಡಿ ಮಾರಲು ನೋಡಿದ, ಅದರೊಳಗೆ ವಿಷದ ಗಾಳಿ ಇತ್ತು, ಅಕ್ಕ ಸಾಯುವುದರಲ್ಲಿದ್ದಳು ಎಂದು. ಆ ಅಂಕಲ್‌ಗೆ ನೀವು ಇಟ್ಟಿರುವ ಹೆಸರನ್ನೂ ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಾಯುವುದರಲ್ಲಿದ್ದದ್ದು ನಿಜ. ಉಳಿದದ್ದು ನೀವು ತಿಳಿದ ಹಾಗಲ್ಲ. ಎದುರು ಕೂರಿಸಿಕೊಂಡು ಹೇಳುವುದು ನನ್ನಿಂದಾಗದು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ನಿಮಗೆ ಕನ್ನಡ ಓದುವುದು ನಿಧಾನ, ನನಗೆ ಬರೆಯುವುದು ನಿಧಾನ. ಸರಿಹೋಯಿತು.

ಆಗ ದೊಡ್ಡವಳೇ, ನಿನಗೆ ಐದು ವರ್ಷ. ಚಿಕ್ಕವನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದ. ನಿಮ್ಮ ತಾತ ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಈ ಅರಬ್ ನಾಡಿಗೆ ಬಂದು ಹಮದ್ ಬಂದರಿನ ಕಡೆ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಅವರಿದ್ದಷ್ಟು ದಿನ ಹೊರಗಿನವರ ಜೊತೆ ನಾನು ಮಾತಾಡಿದ್ದೇ ಇಲ್ಲ ಎನ್ನಬೇಕು. ಎಳೆಯ ಬೆಂಡೆಕಾಯಿ ಕೊಡಿ ಎಂದು ಅಂಗಡಿಯವನಿಗೆ ಹೇಳುವುದಕ್ಕೂ ಅವರ ಮುಖ ನೋಡುತ್ತಿದ್ದೆ. ಅವರು ಹೋದ ಮೇಲೆ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆಯಲ್ಲಿ ನಿಮ್ಮಪ್ಪ, ನಿಮ್ಮಮ್ಮ, ನೀನು, ಇಷ್ಟು ಜನರ ಜೊತೆ ಮಾತ್ರ ನನ್ನ ಮಾತು.

ಆ ಚಳಿಗಾಲ ನೀನು ಶಾಲೆಯಿಂದ ದಿನವೂ ಅಳುತ್ತಾ ಬರುತ್ತಿದ್ದೆ. ನಿನ್ನ ಕ್ಲಾಸಿನವರೆಲ್ಲ ಮರಳುಗಾಡಿಗೆ ಹೋಗಿ ಟೆಂಟು ಹಾಕಿ ಮಲಗಿ ಬರುತ್ತಾರೆ, ನಾವು ಮಾತ್ರ ಮನೆಯಲ್ಲಿರುತ್ತೇವೆ ಎಂದು. ನಿಮ್ಮಪ್ಪ ಬಸುರಿಯನ್ನು ನೆಲದ ಮೇಲೆ ಮಲಗಿಸುವುದು ಹೇಗೆ ಎಂದು ಯೋಚಿಸಿ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಮಲಗಲು ಬರುವ ಹಳೆಯ ಗಾಡಿ ಹುಡುಕತೊಡಗಿದ. ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದು ಇದೆ, ಮಾರುವವರು ನಮ್ಮ ಉಡುಪಿ ಕಡೆಯವರು ಎಂದು ಆಫೀಸಿನ ಯಾರೋ ಹೇಳಿದರು. ನಮ್ಮವರು ಎನ್ನುವ ಒಂದು ಮಾತಿಗೆ ನಿಮ್ಮಪ್ಪ ಅರ್ಧ ಮನಸ್ಸು ಮಾಡಿಬಿಟ್ಟ.

ಒಂದು ಶುಕ್ರವಾರ ಮಧ್ಯಾಹ್ನ ಹೊರಟೆವು. ನಿಮ್ಮಮ್ಮನಿಗೆ ವಾಂತಿ, ಅವಳು ಬರಲಿಲ್ಲ. ನನಗೆ ಏಕಾದಶಿಯ ಉಪವಾಸ, ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಗಾಳಿ ಬೀಸುತ್ತಿತ್ತು. ಇಲ್ಲಿಯ ಚಳಿಗಾಲದ ಗಾಳಿ ನಿಮಗೆ ಗೊತ್ತಲ್ಲ, ಮುಖಕ್ಕೆ ಹಿಟ್ಟು ಎರಚಿದ ಹಾಗೆ ಧೂಳು ತರುತ್ತದೆ. ನಿಮ್ಮಪ್ಪ ಒಂದು ಕಾಗದದಲ್ಲಿ ಏನೇನು ನೋಡಬೇಕು ಎಂದು ಬರೆದುಕೊಂಡು ಬಂದಿದ್ದ. ಚಕ್ರ, ಕೊಕ್ಕೆ, ಛಾವಣಿ, ನೀರಿನ ಟ್ಯಾಂಕು, ಗ್ಯಾಸು.

"ಅಮ್ಮ, ಟೆಂಟಿನ ಬಟ್ಟೆ, ಹೊಲಿಗೆ, ಜಿಪ್ಪು, ಅಡುಗೆ ಜಾಗ, ಇಷ್ಟು ನಿಂದು" ಎಂದ. "ಒಳಗೆಲ್ಲಾದ್ರೂ ಮುಗ್ಗಲು ವಾಸನೆ ಇದ್ರೆ ಹೇಳು. ನಿನ್ನ ಮೂಗಿಗೆ ಯಾರೂ ಮೋಸ ಮಾಡಕ್ಕಾಗಲ್ಲ."

ನನಗೊಂದು ಕೆಲಸ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ. ಅದನ್ನೂ ಬರೆಯಲೇಬೇಕು.

ಮಾರುವವರು ಅರವತ್ತರ ಹತ್ತಿರದವರು. ತೆಳ್ಳಗೆ, ಎತ್ತರ, ಕತ್ತಿನಲ್ಲಿ ಶಿಲುಬೆಯ ಸಣ್ಣ ಸರ. ವಿಲ್ಲಾದ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಅವರ ಹೆಂಡತಿ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಕೆಲಸ ಮುಗಿಯಿತು, ಊರಿಗೆ ಹೋಗಬೇಕು, ಅದಕ್ಕೆ ಗಾಡಿ ಕೊಡುವುದು ಎಂದರು.

"ಬನ್ನಿ ಅಮ್ಮ, ಗಾಳಿ ಜೋರುಂಟು ಇವತ್ತು. ಮೊದಲು ಚಾ ಕುಡಿಯುವ, ಮತ್ತೆ ನೋಡುವ."

ಚಾ ಬೇಡವೆಂದು ನಾನು ನಿಮ್ಮಪ್ಪನ ಕಡೆ ತಿರುಗಿ ತಲೆಯಾಡಿಸಿದೆ. "ಅಮ್ಮಂಗೆ ಉಪವಾಸ ಅಂಕಲ್" ಎಂದ ಅವನು. ಅವರು ಬೇಸರ ಮಾಡಿಕೊಳ್ಳದೆ ಒಳಗೆ ಹೋಗಿ ಎರಡು ಬಾಳೆಹಣ್ಣು ತಂದು, "ಇದು ಆಗ್ತದಲ್ಲ?" ಎಂದು ನನ್ನ ಕೈಗೇ ಕೊಟ್ಟರು. ಒಂದನ್ನು ನಿನಗೆ ಸುಲಿದು ಕೊಟ್ಟೆ. ಇನ್ನೊಂದು ಕೈಯಲ್ಲೇ ಉಳಿಯಿತು.

ಗಾಡಿ ಅಂಗಳದ ಗೋಡೆಗೆ ಒತ್ತಿ ನಿಂತಿತ್ತು. ನಡುವೆ ಗಟ್ಟಿ ಗೋಡೆಯ ಸಣ್ಣ ಕೋಣೆ. ಎರಡು ತುದಿಗಳಲ್ಲಿ ಹಲಗೆಯನ್ನು ಹೊರಕ್ಕೆ ಬಿಡಿಸಿದರೆ ಅದೇ ಮಂಚ, ಅದರ ಮೇಲೆ ಟೆಂಟಿನ ಬಟ್ಟೆ. ಅರ್ಧ ಮನೆ, ಅರ್ಧ ಟೆಂಟು.

"ಹೈಬ್ರಿಡ್ ಅಂತ ಹೇಳುದು ಇದಕ್ಕೆ" ಎಂದರು ಅವರು.

"ಅಮ್ಮ, ನಿಮ್ಮೂರಲ್ಲಿ ಜೋಳಕ್ಕೆ ಹೇಳ್ತಿದ್ರಲ್ಲ, ಅದೇ" ಎಂದು ನಿಮ್ಮಪ್ಪ ನಕ್ಕು, ಹೋಗಿ ಚಕ್ರಕ್ಕೆ ಒಂದು ಒದೆ ಕೊಟ್ಟ.

"ಎಂತ ಮಾರಾಯ್ರೆ, ಒದ್ದರೆ ಎಂತ ಗೊತ್ತಾಗ್ತದೆ ನಿಮಗೆ? ಟೈರು ಬೊಬ್ಬೆ ಹಾಕ್ತದಾ?"

ಎಲ್ಲರೂ ನಕ್ಕೆವು. ನಾನೂ ಸೆರಗಿನ ಮರೆಯಲ್ಲಿ ನಕ್ಕೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಇದನ್ನು ನೀವು ನೆನಪಿಡಬೇಕು. ಛಾವಣಿಯ ಒಂದು ಮೂಲೆಯಲ್ಲಿ ತೇಪೆ ಉಂಟು ಎಂದು ತಾವೇ ತೋರಿಸಿದರು. ಒಂದು ತುದಿಯ ಮಂಚದ ಹಳಿ ಜಾಮ್ ಆಗಿದೆ, ಎಣ್ಣೆ ಹಾಕಬೇಕು ಎಂದರು. ನಿಮ್ಮಪ್ಪ ಅವರಿಗಿಂತ ಹೆಚ್ಚು ಸಂಕೋಚಪಟ್ಟ. ಗಾಡಿಯ ಕೆಳಗೆ ತೂರಿ ನೋಡಲು ಚಾಪೆ ತಂದಿದ್ದ, ಅದನ್ನು ಕಾರಿನಿಂದ ಇಳಿಸಲೇ ಇಲ್ಲ. ಹೆಂಡತಿ ಸತ್ತವರ ಮನೆಯಲ್ಲಿ, ಚಾ ಕುಡಿದು, ಅವರ ಎದುರೇ ಅಡಿಯಲ್ಲಿ ಮಲಗಿ ತಪ್ಪು ಹುಡುಕುವುದು ಅವನಿಗೆ ಆಗಲಿಲ್ಲ. ಮಾಡೆಲ್ ಯಾವುದು, ಎಷ್ಟು ಸಲ ಹೋಗಿದ್ದಿರಿ ಎಂದು ಮೇಲುಮೇಲಿನ ಮಾತು ಕೇಳುತ್ತಾ ನಿಂತ.

ನಾನು ನಿನ್ನ ಕೈ ಹಿಡಿದು ಒಳಗೆ ಹತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ಅದು ಒಬ್ಬ ಹೆಂಗಸು ಮನಸ್ಸಿಟ್ಟು ನೋಡಿಕೊಂಡ ಜಾಗ ಎಂದು ತಿಳಿಯಿತು. ಕಪಾಟಿನ ಬಾಗಿಲುಗಳು ಅಲ್ಲಾಡದಂತೆ ಎಲಾಸ್ಟಿಕ್ ಕಟ್ಟಿದ್ದರು. ಲೋಟಗಳ ನಡುವೆ ಉಣ್ಣೆಯ ಚೂರು ಇಟ್ಟಿದ್ದರು. ಟೆಂಟಿನ ಬಟ್ಟೆಯ ಹರಿದ ಜಾಗದಲ್ಲಿ ಹಾಕಿದ ಹೊಲಿಗೆ ನೋಡಿದೆ. ಎರಡೆಳೆ ದಾರ, ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ, ಎಲ್ಲೂ ಬಿಟ್ಟಿರಲಿಲ್ಲ. ಜಿಪ್ಪುಗಳನ್ನು ಎಳೆದು ನೋಡಿದೆ, ಮೇಣ ತಿಕ್ಕಿದ್ದರು, ಸಲೀಸಾಗಿ ಓಡಿದವು. ಆಗಲೇ ಬಿಡಿಸಿಟ್ಟಿದ್ದ ಮಂಚದ ಮೇಲೆ ನೀನು ಹತ್ತಿ ಮಲಗಿ, "ಅಜ್ಜಿ, ಇದು ನಂದು ಬೆಡ್. ಪಾಪುಗೆ ಕೊಡಲ್ಲ" ಎಂದೆ.

ಮುಗ್ಗಲು ಇದೆಯೇ ಎಂದು ನಾನು ಬೆಂಚಿನ ಕೆಳಗೆ ಬಗ್ಗಿದೆ. ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಅಂಗೈ ಅಗಲದ ಎರಡು ಗಾಳಿಕಂಡಿಗಳು. ಅವುಗಳಿಗೆ ಬಟ್ಟೆಯ ಬಿಲ್ಲೆಗಳನ್ನು ಬಿಗಿಯಾಗಿ ತುರುಕಲಾಗಿತ್ತು. ಹಳೆಯ ಕಾಟನ್ ಸೀರೆಯ ಬಟ್ಟೆ, ನೀಲಿಯ ಮೇಲೆ ಬಿಳಿ ಹೂ, ಒಳಗೆ ಹತ್ತಿ ತುಂಬಿ ಸುತ್ತ ಹೊಲಿದದ್ದು. ತಲೆಯೆತ್ತಿ ನೋಡಿದರೆ ಛಾವಣಿಯ ಕಂಡಿಗೂ ಅದೇ ಸೀರೆಯ ಚೌಕದ ದಿಂಬು.

ನನಗೆ ಆಶ್ಚರ್ಯವಾಗಲಿಲ್ಲ. ಪ್ರತಿ ಬೇಸಿಗೆಯಲ್ಲಿ ಊರಿಗೆ ಹೊರಡುವ ಮುಂಚೆ ಇಲ್ಲಿ ಎಲ್ಲ ಹೆಂಗಸರೂ ಮಾಡುವುದು ಇದನ್ನೇ. ಅಡುಗೆಮನೆಯ ಫ್ಯಾನಿಗೆ, ಬಚ್ಚಲ ಕಂಡಿಗೆ, ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿ ಟೇಪು ಅಂಟಿಸಿ ಹೋಗುತ್ತೇವೆ. ಇಲ್ಲದಿದ್ದರೆ ಬರುವ ಹೊತ್ತಿಗೆ ಹಾಸಿಗೆಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ನಾನು ತಾತನ ಹಳೆಯ ಪಂಚೆಯನ್ನು ತುರುಕುತ್ತಿದ್ದೆ, ಹೊಲಿಯುವ ತಾಳ್ಮೆ ನನಗಿರಲಿಲ್ಲ. ಈ ಹೆಂಗಸು ಹೊಲಿದಿದ್ದರು. ನೋಡಿದ ಕೂಡಲೇ ಕಂಡರಿಯದ ಅವರ ಮೇಲೆ ನನಗೆ ಗೌರವ ಬಂತು.

ಒಂದು ಬಿಲ್ಲೆಯನ್ನು ಹಿಡಿದು ಎಳೆದೆ. ಅರ್ಧ ಹೊರಬಂತು. ಕೈಗೆ ತಣ್ಣನೆಯ ಗಾಳಿ, ಅದರ ಜೊತೆ ಸಣ್ಣ ಧೂಳು. ಮಂಚದ ಮೇಲೆ ನೀನು ಕೆಮ್ಮಿದೆ.

ಮತ್ತೆ ಒಳಕ್ಕೆ ಒತ್ತಿದೆ. ಸಂದಿ ಉಳಿಯದ ಹಾಗೆ ಹೆಬ್ಬೆರಳಿನಿಂದ ಸುತ್ತ ಅದುಮಿದೆ.

ಆಗ ಯಾರೂ ನೋಡಲಿಲ್ಲ. ನೀನು ಛಾವಣಿ ನೋಡುತ್ತಿದ್ದೆ. ಕಂಡಿಗಳಿಗೆ ಬಟ್ಟೆ ಇದೆ ಎಂದು ನಿಮ್ಮಪ್ಪನನ್ನು ಕರೆದು ಒಂದು ಮಾತು ಹೇಳಬಹುದಿತ್ತು. ಬೇರೆಯವರು ಮಾರಲು ತಂದಿದ್ದರೆ ಹೇಳುತ್ತಿದ್ದೆನೋ ಏನೋ. ಸತ್ತವರ ಸೀರೆಯ ಚೂರನ್ನು ಬೆರಳು ತೋರಿಸಿ ಅವರ ಗಂಡನ ಮುಂದೆ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಆಮೇಲೆ ಕಾರಿನಲ್ಲಿ ಹೇಳಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಗಂಡಸರಿಬ್ಬರೂ ಒಳಗೆ ಬಂದರು. ಗೋಡೆಯ ಬಳಿ ಕಬ್ಬಿಣದ ಗ್ಯಾಸ್ ಹೀಟರ್ ಇತ್ತು. ನಿಮ್ಮಪ್ಪನ ಕಾಗದದಲ್ಲಿ ಅದೂ ಇತ್ತು.

"ಇದನ್ನ ಹಚ್ಚಿ ನೋಡೋಣ ಅಂಕಲ್. ಎಲ್ಲಾ ಮುಚ್ಚಿಬಿಟ್ಟು ಅರ್ಧ ಗಂಟೆ ಬಿಡೋಣ. ಟೆಂಟಿನ ಬಟ್ಟೆಯಲ್ಲಿ ಶಾಖ ನಿಲ್ಲತ್ತಾ ಅಂತ ಗೊತ್ತಾಗತ್ತೆ. ಇವಳಮ್ಮಂಗೆ ಚಳಿ ತಡೆಯಲ್ಲ."

"ಎರಡು ವರ್ಷ ಆಯ್ತು ಇದನ್ನು ಹಚ್ಚದೆ" ಎಂದರು ಅವರು. "ಅವಳೇ ಹಚ್ಚುದು ಯಾವಾಗಲೂ. ನನಗೆ ಇದರದ್ದು ಅಷ್ಟು ಗೊತ್ತಿಲ್ಲ. ನೋಡುವ."

ಮೂರು ಸಲ ಕಡ್ಡಿ ಗೀರಿದ ಮೇಲೆ ಹೊತ್ತಿಕೊಂಡಿತು. ಟೆಂಟಿನ ಕಿಟಕಿಗಳ ಪ್ಲಾಸ್ಟಿಕ್ಕನ್ನು ಎಳೆದು ಜಿಪ್ಪು ಹಾಕಿದರು. ನೀನು ಮಂಚದಿಂದ ಇಳಿಯಲು ಒಪ್ಪಲಿಲ್ಲ.

"ಸರಿ, ಅಮ್ಮ, ನೀವಿಬ್ಬರೂ ಇಲ್ಲೇ ಬೆಚ್ಚಗಿರಿ. ನಾವು ಚಕ್ರದ ಬೇರಿಂಗ್ ನೋಡ್ತೀವಿ" ಎಂದು ಹೇಳಿ ನಿಮ್ಮಪ್ಪ ಬಾಗಿಲು ಎಳೆದುಕೊಂಡು ಹೋದ.

ನಾನು ಬೆಂಚಿನ ಮೇಲೆ ಕೂತು ಉರಿ ನೋಡಿದೆ. ಹಳದಿ ಉರಿ. ಜೀವಮಾನವೆಲ್ಲ ಒಲೆಯ ಮುಂದೆ ನಿಂತವಳಿಗೆ ಗೊತ್ತು, ಗ್ಯಾಸಿನ ಉರಿ ನೀಲಿ ಇರಬೇಕು, ಹಳದಿಯಾದರೆ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಬರ್ನರಿನಲ್ಲಿ ಧೂಳು ಕೂತಿದೆ, ತೊಳೆಯಬೇಕು ಎಂದುಕೊಂಡೆ. ಅದು ಮಸಿಯ ಮಾತು ಮಾತ್ರ ಎಂದುಕೊಂಡೆ. ಮುಚ್ಚಿದ ಕೋಣೆಯಲ್ಲಿ ಆ ಉರಿಯಿಂದ ಏನು ಹುಟ್ಟುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ನಮ್ಮೂರ ಅಡುಗೆಮನೆಯ ಮಾಡಿನಲ್ಲಿ ಹೊಗೆ ಹೋಗಲು ಹಂಚಿನ ಸಂದಿ ಇರುತ್ತಿತ್ತು.

ಹೊರಗೆ ಅವರ ಮಾತು ಕೇಳಿಸುತ್ತಿತ್ತು. ಜಾಕ್ ಎಲ್ಲಿಡಬೇಕು ಎಂದು ವಾದ. ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ನೀನು ಮರಳಿನ ಮೇಲೆ ಏನೇನು ಕಟ್ಟುತ್ತೀಯ ಎಂದು ಹೇಳುತ್ತಾ ಹೇಳುತ್ತಾ ಸುಮ್ಮನಾದೆ. ಬೆಚ್ಚಗಾಗಿದೆ, ನಿದ್ದೆ ಬಂತು ಎಂದು ನನ್ನ ಶಾಲನ್ನು ನಿನಗೆ ಹೊದಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಹಣೆ ಹಿಂಡಿದ ಹಾಗಾಯಿತು. ಹೊಟ್ಟೆ ತೊಳಸಿತು. ಉಪವಾಸ ಎಂದುಕೊಂಡೆ. ಬಾಳೆಹಣ್ಣು ಇನ್ನೂ ಮಡಿಲಿನಲ್ಲಿತ್ತು. ತಿಂದರೆ ಸರಿಹೋದೀತು ಎನಿಸಿತು, ಆದರೆ ಸಿಪ್ಪೆ ತೆಗೆಯಲು ಬೆರಳು ಕೂಡಲಿಲ್ಲ. ಕರೆಯೋಣವೆಂದರೆ, ಹೊಟ್ಟೆ ಹಸಿದು ತಲೆ ತಿರುಗುತ್ತಿದೆ ಎಂದು ಪರರ ಅಂಗಳದಲ್ಲಿ ಹೇಗೆ ಕೂಗುವುದು? ಇನ್ನೇನು ಬಂದಾರು ಎಂದು ಕೂತೆ. ಎಷ್ಟು ಹೊತ್ತು ಹಾಗೆ ಕೂತೆನೋ ಗೊತ್ತಿಲ್ಲ. ಆ ಹೊತ್ತಿನ ಲೆಕ್ಕ ನನಗೆ ಇವತ್ತಿಗೂ ಸಿಕ್ಕಿಲ್ಲ.

ನೀನು ಮಲಗಿದಲ್ಲೇ ವಾಂತಿ ಮಾಡಿಕೊಂಡೆ. ಆದರೆ ಎಚ್ಚರವಾಗಲಿಲ್ಲ.

ಪುಟ್ಟಿ ಎಂದೆ. ಅಲ್ಲಾಡಿಸಿದೆ. ಕೈ ಬಿಟ್ಟರೆ ನಿನ್ನ ಕೈ ತಾನಾಗಿ ಕೆಳಗೆ ಬಿತ್ತು. ಬಾಗಿಲ ಕಡೆ ಹೋಗಲು ಎದ್ದೆ, ಮಂಡಿ ಮಡಚಿಕೊಂಡಿತು. ನೆಲದ ಮೇಲೆ ಬಿದ್ದಲ್ಲಿಂದ ಬಾಗಿಲಿಗಿಂತ ಮಂಚವೇ ಹತ್ತಿರ. ಅದನ್ನು ಹಿಡಿದು ಹತ್ತಿ, ಟೆಂಟಿನ ಜಿಪ್ಪು ಎಳೆದು, ನಿನ್ನ ತಲೆಯನ್ನು ಕಿಟಕಿಯಿಂದ ಹೊರಗೆ ತೂರಿಸಿ ಹಿಡಿದೆ. ಕೂಗಬೇಕು ಎಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ನಿಶ್ಶಕ್ತಿಯೋ, ಅಭ್ಯಾಸವಿಲ್ಲದ್ದಕ್ಕೋ, ನನಗೆ ತಿಳಿಯದು.

ನಿಮ್ಮಪ್ಪ ಅಂಗಳದ ಆ ಬದಿಯಿಂದ ನಿನ್ನ ಮುಖ ಕಂಡ. ಆಟವೆಂದುಕೊಂಡ.

"ಅಂಕಲ್, ನೋಡಿ ನಮ್ಮ ಗಿರಾಕಿ! ಏನೇ, ಗಾಡಿ ಪಾಸಾ? ಟಾಟಾ ಮಾಡು ನಂಗೆ, ಟಾಟಾ!"

ನೀನು ಟಾಟಾ ಮಾಡಲಿಲ್ಲ. ನಿನ್ನ ಕತ್ತು ಒಂದು ಕಡೆಗೆ ವಾಲಿತು. ಮೊದಲು ಓಡಿದವರು ಅವರು, ನಿಮ್ಮಪ್ಪ ಅಲ್ಲ. ಬಾಗಿಲು ತೆಗೆದು ನನ್ನನ್ನು ದಾಟಿ ನಿನ್ನನ್ನು ಎತ್ತಿಕೊಂಡು ಹೊರಗೆ ಹಾರಿದರು. ಆಮೇಲೆ ನಿಮ್ಮಪ್ಪ ನನ್ನನ್ನು ಎಳೆದು ಇಳಿಸಿದ. ಅಂಗಳದ ನೆಲದ ಮೇಲೆ ಕೂತು ನಾನು ಗಾಳಿ ಎಳೆಯುತ್ತಿದ್ದೆ. ನಿನ್ನ ತುಟಿಯ ಬಣ್ಣ ಕೆಟ್ಟಿದ್ದನ್ನು ನೋಡಿದ ನಿಮ್ಮಪ್ಪ ತಿರುಗಿದವನೇ ಅವರ ಕೆನ್ನೆಗೆ ಹೊಡೆದ. ಸೊಳ್ಳೆ ಹೊಡೆಯಲೂ ಹಿಂಜರಿಯುವ ನಿಮ್ಮಪ್ಪ. ತನ್ನ ತಂದೆಯ ವಯಸ್ಸಿನವರಿಗೆ.

"ಏನಿಟ್ಟಿದ್ದೀರಿ ಒಳಗೆ? ಏನ್ರೀ ಇಟ್ಟಿದ್ದೀರಿ?"

ಅವರು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಮಗುವನ್ನು ನೀವು ಹಿಡಿದುಕೊಳ್ಳಿ. ಕೀ ಕೊಡಿ, ನಾನು ಬಿಡ್ತೇನೆ ಗಾಡಿ" ಎಂದರು. ನಮ್ಮ ಕಾರನ್ನು ಅವರೇ ಓಡಿಸಿದರು. ದಾರಿಯುದ್ದಕ್ಕೂ ನಿಮ್ಮಪ್ಪ ಹಿಂದೆ ಕೂತು ನಿನ್ನ ಹೆಸರು ಕರೆಯುತ್ತಿದ್ದ, ಮುಂದೆ ಅವರು ತುಟಿ ಅಲ್ಲಾಡಿಸುತ್ತಾ ಪ್ರಾರ್ಥಿಸುತ್ತಿದ್ದರು. ನಾನು ಏನೂ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ನಿನಗೆ ಆಮ್ಲಜನಕ ಹಾಕಿದರು, ನನಗೂ ಹಾಕಿದರು. ಗ್ಯಾಸು ಸರಿಯಾಗಿ ಉರಿಯದೆ, ಗಾಳಿ ಬರಲು ದಾರಿಯಿಲ್ಲದೆ, ವಾಸನೆಯೇ ಇಲ್ಲದ ವಿಷ ತುಂಬಿತ್ತು, ಇನ್ನು ಹತ್ತು ನಿಮಿಷವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ವೈದ್ಯೆ ಹೇಳಿದ್ದನ್ನು ನಿಮ್ಮಪ್ಪ ನನಗೆ ಕನ್ನಡದಲ್ಲಿ ಹೇಳಿದ. ಗಾಳಿ ಬರಲು ದಾರಿಯಿಲ್ಲದೆ ಎನ್ನುವ ಮಾತು ಬಂದಾಗ ನನ್ನ ಹೆಬ್ಬೆರಳು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಬೂದು ಧೂಳು ಇತ್ತು.

"ಹಾಳು ಹೀಟರ್" ಎಂದ ನಿಮ್ಮಪ್ಪ. "ಹಾಳು ಹೀಟರ್ ಇಟ್ಕೊಂಡು ಮಾರಕ್ಕೆ ಬಂದಿದ್ದಾನೆ."

ನಾನು ಮುಖದ ಮೇಲಿನ ಮಾಸ್ಕನ್ನು ತೆಗೆಯಲಿಲ್ಲ.

ನೀನು ಮಾರನೆಯ ದಿನ ಕಣ್ಣುಬಿಟ್ಟು ನೀರು ಕೇಳಿದೆ. ಎರಡು ದಿನ ಅಲ್ಲೇ ಇದ್ದೆವು. ಆ ಎರಡು ದಿನವೂ ಅವರು ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರು. ನಿಮ್ಮಪ್ಪ ಅವರ ಕಡೆ ನೋಡಲಿಲ್ಲ. ಒಮ್ಮೆ ನಾನೊಬ್ಬಳೇ ನೀರಿಗೆ ಹೋದಾಗ ಎದ್ದು ನಿಂತರು.

"ಅಮ್ಮ, ನಂದೇ ತಪ್ಪು. ಅವಳಿದ್ದಿದ್ರೆ ಹೀಗೆ ಆಗ್ತಿರಲಿಲ್ಲ. ಎಲ್ಲ ಅವಳೇ ನೋಡಿಕೊಳ್ಳುದು. ಹಚ್ಚುವ ಮೊದಲು ಅವಳು ಒಳಗೆ ಹೋಗಿ ಎಂತದೋ ಮಾಡ್ತಿದ್ದಳು. ಎಂತ ಅಂತ ನಾನು ಒಂದು ದಿನವೂ ಕೇಳಲಿಲ್ಲ."

ಎಂತ ಎಂದು ನನಗೆ ಗೊತ್ತಿತ್ತು. ಬೆಂಚಿನ ಕೆಳಗೆ ಬಗ್ಗಿ ಆ ಬಿಲ್ಲೆಗಳನ್ನು ತೆಗೆಯುತ್ತಿದ್ದರು, ಅಷ್ಟೇ. ಹೇಳಿದರೆ ಅವರ ಹೆಂಡತಿಯ ಕೈಕೆಲಸವೇ ಮಗುವಿನ ಉಸಿರು ಕಟ್ಟಿಸಿತು ಎಂದಂತಾಗುತ್ತದೆ, ಅದನ್ನು ಈ ಮನುಷ್ಯ ಹೇಗೆ ತಡೆದುಕೊಂಡಾರು ಎಂದು ಸುಮ್ಮನಾದೆ. ಬಹಳ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಅರ್ಧ. ಅರ್ಧ ಎಳೆದ ಬಿಲ್ಲೆಯನ್ನು ಒಳಕ್ಕೆ ಒತ್ತಿದವಳು ನಾನು. ಅದು ನಿಮ್ಮಪ್ಪನಿಗೆ ತಿಳಿದರೆ ನಿಮ್ಮ ಜೊತೆ ನನ್ನೊಬ್ಬಳನ್ನೇ ಬಿಡುವನೇ ಎಂಬ ಭಯ ಇನ್ನರ್ಧ. ತಲೆ ತಗ್ಗಿಸಿಕೊಂಡು ನೀರು ತುಂಬಿಸಿಕೊಂಡು ಬಂದೆ.

ಆ ಗಾಡಿಯನ್ನು ಯಾರೂ ಕೊಳ್ಳಬಾರದೆಂದು ನಿಮ್ಮಪ್ಪ ಗೊತ್ತಿದ್ದವರಿಗೆಲ್ಲ ಹೇಳಿದ. ಹೇಳುವ ಅಗತ್ಯವೇ ಇರಲಿಲ್ಲ. ಅವರೇ ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದರಂತೆ. ಆ ಸೀರೆಯ ಚೂರುಗಳೂ ಅದರ ಜೊತೆ ಹೋಗಿರಬೇಕು. ಎರಡು ತಿಂಗಳಲ್ಲಿ ಊರಿಗೆ ಹೊರಟುಹೋದರು. ಇಲ್ಲಿಯ ನಮ್ಮ ಜನರಲ್ಲಿ ಹಲವರು ಅವರನ್ನು ಬೀಳ್ಕೊಡಲೂ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಇಲ್ಲಿದ್ದ ಮನುಷ್ಯ.

ಹೋದ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನಿಮ್ಮಪ್ಪ ಫೋನು ನೋಡುತ್ತಾ, "ಅಮ್ಮ, ಆ ಗಾಡಿ ಅಂಕಲ್ ನೆನಪಿದ್ಯಾ? ಉಡುಪೀಲಿ ಹೋಗ್ಬಿಟ್ಟರಂತೆ, ಮೊನ್ನೆ" ಎಂದ. ಆಮೇಲೆ, "ಪಾಪ. ಇನ್ನೊಂಚೂರು ಸಾರು ಹಾಕು" ಎಂದು ತಟ್ಟೆ ಮುಂದೆ ಮಾಡಿದ.

ನೀವಿಬ್ಬರೂ ಆಗಲೇ ಉಂಡು ಟಿವಿ ಮುಂದೆ ಇದ್ದಿರಿ. ನಿಮ್ಮಮ್ಮ ಒಳಗೆ ಮಲಗಿದ್ದಳು. ಸೌಟು ಪಾತ್ರೆಯಲ್ಲೇ ಬಿಟ್ಟು ನಾನು ಹೇಳಿದೆ. ಸೀರೆಯ ಚೂರು, ಅರ್ಧ ಎಳೆದದ್ದು, ಒತ್ತಿದ್ದು, ಹಳದಿ ಉರಿ, ಆಸ್ಪತ್ರೆಯಲ್ಲಿ ಅವರು ಹೇಳಿದ ಮಾತು. ಅಷ್ಟು ಉದ್ದ ನಾನು ಯಾವತ್ತೂ ಮಾತಾಡಿರಲಿಲ್ಲ. ಅವನು ಬೈಯುತ್ತಾನೆ ಎಂದು ಕಾದೆ. ನಿಮ್ಮನ್ನು ನನ್ನ ಜೊತೆ ಬಿಡುವುದಿಲ್ಲ ಎನ್ನುತ್ತಾನೆ ಎಂದು ಕಾದೆ.

"ನಾನು ಅವರಿಗೆ ಹೊಡೆದಿದ್ದೆ ಅಮ್ಮ" ಎಂದ. ಅಷ್ಟೇ.

ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಕೈ ತೊಳೆಯಲು ಎದ್ದುಹೋದವನು ನಲ್ಲಿ ತಿರುಗಿಸದೆ ಸಿಂಕಿನ ಮುಂದೆ ಬಹಳ ಹೊತ್ತು ನಿಂತಿದ್ದ. ಎಂಜಲು ಕೈ ಒಣಗಿಹೋಯಿತು.